ಫಣಿಯಮ್ಮನ ತಾಳ್ಮೆ

ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿಯನ್ನು ನೀವೂ ಓದಿರುತ್ತೀರಿ. 1976ರಲ್ಲಿ ಬಂದದ್ದು. ಓದಿಲ್ಲದವರು ಪ್ರೇಮಾ ಕಾರಂತರ ಸಿನಿಮಾವನ್ನಾದರೂ ನೋಡಿರಬಹುದು. ನನಗೆ ಸಿಕ್ಕಿದ್ದು ನಾಲ್ಕಾರು ಮನೆ ಸುತ್ತಿ ರಟ್ಟು ಕಿತ್ತುಹೋಗಿದ್ದ ಪ್ರತಿ. ಅದರ ಅಂಚಿನಲ್ಲಿ ಯಾರೋ ಪೆನ್ಸಿಲ್ಲಿನಲ್ಲಿ ‘ಸಹನಾಮೂರ್ತಿ’ ಎಂದು ಗೀಚಿದ್ದರು. ಫಣಿಯಮ್ಮನ ಮಾತು ಬಂದಾಗಲೆಲ್ಲ ನಾವು ಆಡುವ ಮಾತೂ ಅದೇ. ಅಷ್ಟು ಇಷ್ಟಪಟ್ಟ ಈ ಹೆಂಗಸನ್ನು ನಾವು ಸರಿಯಾಗಿ ಕಂಡಿದ್ದೇವೆಯೇ ಎಂಬ ಅನುಮಾನ ಮಾತ್ರ ನನ್ನನ್ನು ಬಿಟ್ಟಿಲ್ಲ.

ಆಟವಾಡುವ ವಯಸ್ಸಿನಲ್ಲಿ ಮದುವೆ, ಅದರ ಬೆನ್ನಿಗೇ ವೈಧವ್ಯ. ಮೈನೆರೆದ ಮೇಲೆ ತಲೆ ಬೋಳಿಸಿ ಮಡಿ ಉಡಿಸಿದರು. ಆಗ ಅವಳು ಬೇರೇನು ಮಾಡಬಹುದಿತ್ತು? ಬ್ರಿಟಿಷ್ ಇಂಡಿಯಾದಲ್ಲಿ ವಿಧವಾ ವಿವಾಹಕ್ಕೆ ಕಾನೂನಿನ ಒಪ್ಪಿಗೆ ಸಿಕ್ಕಿದ್ದು 1856ರಲ್ಲಿ. ಅವಳ ಮಲೆನಾಡು ಮೈಸೂರು ಸೀಮೆಗೆ ಸೇರಿದ್ದು. ಮೈಸೂರು ಸಂಸ್ಥಾನ 1894ರಲ್ಲಿ 8 ವರ್ಷದೊಳಗಿನ ಹುಡುಗಿಯರ ಮದುವೆಯನ್ನು ನಿಷೇಧಿಸಿತು. ಎಂಟು! ಒಂಬತ್ತಕ್ಕೆ ಧಾರೆ ಎರೆದರೆ ಆ ಕಾನೂನಿನ ತಕರಾರೇನೂ ಇಲ್ಲ. ಅಷ್ಟು ಹೊತ್ತಿಗಾಗಲೇ ಫಣಿಯಮ್ಮನ ಬಾಳು ಬಹುದೂರ ಸಾಗಿತ್ತು. ಹೆಂಗಸರ ಆಸ್ತಿ ಹಕ್ಕಿನ ಕಾನೂನು ಮೈಸೂರಿನಲ್ಲಿ ಬಂದದ್ದು 1933ರಲ್ಲಿ. ಕೈಯಲ್ಲಿ ಕಾಸಿಲ್ಲ, ಹೋಗಲು ಜಾಗವಿಲ್ಲ. ತವರಿನ ಅಡುಗೆಮನೆ ಬಿಟ್ಟರೆ ತಲೆಯ ಮೇಲೆ ಸೂರಿಲ್ಲ. ಇಂಥ ಕಡೆ ಸುಮ್ಮನಿರುವುದನ್ನು ತಾಳ್ಮೆ ಎನ್ನುವುದೋ, ಬೇರೆ ದಾರಿ ಇಲ್ಲದ್ದು ಎನ್ನುವುದೋ?

ನಂಜನಗೂಡಿನ ತಿರುಮಲಾಂಬ (1887-1982) ಕೂಡ ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡವರು. ಅವರಿಗೆ ಅಕ್ಷರ ಒದಗಿತು, ತಂದೆಯ ಬೆಂಬಲ ಒದಗಿತು. ಕಾದಂಬರಿ ಬರೆದರು, ‘ಸತಿಹಿತೈಷಿಣಿ’ ಗ್ರಂಥಮಾಲೆ ನಡೆಸಿದರು, ‘ಕರ್ನಾಟಕ ನಂದಿನಿ’ ಎಂಬ ಪತ್ರಿಕೆಯನ್ನೂ ಹೊರತಂದರು. ಅವರನ್ನು ಯಾರೂ ಸಹನಾಮೂರ್ತಿ ಎಂದು ಕರೆದು ಸುಮ್ಮನಾಗುವುದಿಲ್ಲ.

ಇನ್ನೊಂದು ವಿಷಯ. ಫಣಿಯಮ್ಮ ಪೂರ್ತಿ ಕಲ್ಪನೆಯಲ್ಲ. ಲೇಖಕಿಯ ಹಿರಿಯರಲ್ಲಿ ಒಬ್ಬಾಕೆ, ನೂರು ದಾಟಿ ಬದುಕಿದವಳು. ಕಥೆ ಮನೆಯ ಹಿರಿಯರ ಬಾಯಿಂದ ಬಾಯಿಗೆ ಹರಿದು ಇಂದಿರಾ ಅವರ ಲೇಖನಿಗೆ ಬಂತು. ಹೇಳಿದವರೆಲ್ಲ ಅವಳನ್ನು ಪ್ರೀತಿಸಿದವರೇ, ಸಂದೇಹವಿಲ್ಲ. ಆದರೆ ಅವಳು ಅರೆದ ಚಟ್ನಿ ತಿಂದವರೂ, ಅವಳಿಂದ ಬಾಣಂತನ ಮಾಡಿಸಿಕೊಂಡವರೂ ಅಂಥ ಮನೆಗಳವರೇ ತಾನೆ? ಬೇಡವೆನ್ನದೆ ದುಡಿಯುವವಳನ್ನು ಉಂಡವರು ‘ತಾಯಿ, ಸಾಧ್ವಿ’ ಎನ್ನುವುದು ಸಹಜ. ಹಾಗೆ ಹೊಗಳಿಸಿಕೊಳ್ಳುವುದು ನಮ್ಮ ಮನೆಗಳಲ್ಲೂ ಗೊತ್ತಿಲ್ಲದ್ದೇನಲ್ಲ.

ಹಾಗೆಂದು ಅವಳ ಒಳಗೆ ಕೆಂಡ ಇತ್ತು, ಬೂದಿ ಮುಚ್ಚಿತ್ತು ಎಂದು ಹೇಳಲೂ ನನಗೆ ಧೈರ್ಯ ಸಾಲದು. ಇಂದಿನ ನಮ್ಮ ಸಿಟ್ಟನ್ನು ಅವಳ ಬಾಯಲ್ಲಿ ಇಟ್ಟಂತಾದೀತು. ತನ್ನ ಪಾಲಿನ ಅನ್ಯಾಯದ ಬಗ್ಗೆ ಅವಳು ದನಿ ಎತ್ತುವುದೇ ಇಲ್ಲ. ಸಂಸಾರದ ಗೋಜನ್ನು ಕಂಡು ಇದರಿಂದ ಪಾರಾದೆ ಎನ್ನುವ ಒಂದು ಬಗೆಯ ನಿರಾಳವೂ ಅವಳಲ್ಲಿದೆ. ಅದು ನಿಜವಾಗಿಯೂ ಅವಳದೇ ಆಗಿರಬಹುದು.

ಆದರೆ ಎರಡು ಕಡೆ ಮಾತ್ರ ಅವಳು ಕದಲುತ್ತಾಳೆ. ಹೊಲಗೇರಿಯ ಸಿಂಕಿ ಹೆರಿಗೆ ನೋವಿನಲ್ಲಿ ಸಾಯುತ್ತಿದ್ದಾಗ, ಮಡಿಯ ಈ ಮುದುಕಿ ರಾತ್ರಿ ಗುಟ್ಟಾಗಿ ಹೋಗಿ, ಮುಟ್ಟಬಾರದೆಂದು ಊರು ಹೇಳಿದವಳನ್ನು ಮುಟ್ಟಿ ಹೆರಿಗೆ ಮಾಡಿಸುತ್ತಾಳೆ. ಮುಂದೆ ಎಳೆಯ ವಿಧವೆ ದಾಕ್ಷಾಯಿಣಿ ಕೂದಲು ತೆಗೆಸುವುದಿಲ್ಲವೆಂದು ಹಟ ಹಿಡಿದಾಗ, ದೊಡ್ಡವರೆಲ್ಲ ಸೇರಿ ಗದರುತ್ತಿರುವಾಗ, ಆ ಹುಡುಗಿಯನ್ನು ಅವಳ ಪಾಡಿಗೆ ಬಿಡಿ ಎಂದು ನಿಲ್ಲುವವಳು ಬೋಳುತಲೆಯ ಫಣಿಯಮ್ಮ.