ನಂದಿಯ ತಪ್ಪಲಿನ ಬಿಳಿ ದ್ರಾಕ್ಷಾರಸ: ನೆಲ, ಹವೆ ಮತ್ತು ಇತಿಹಾಸ

ದ್ರಾಕ್ಷಾರಸದ ಗುಣವು ಬಳ್ಳಿಯ ಜಾತಿಯೊಂದರಿಂದಲೇ ನಿರ್ಧಾರವಾಗುವುದಿಲ್ಲ. ಮಣ್ಣು, ನೆಲದ ಎತ್ತರ, ಹಗಲಿರುಳಿನ ಉಷ್ಣತೆ, ಬೆಳೆಗಾರರ ರೂಢಿ ಇವೆಲ್ಲವೂ ಅದರಲ್ಲಿ ಬೆರೆತಿರುತ್ತವೆ. ಈ ಸಮಷ್ಟಿಯನ್ನು ಫ್ರೆಂಚರು ‘ತೆರ್ವಾರ್’ ಎಂಬ ಒಂದೇ ಮಾತಿನಿಂದ ಸೂಚಿಸುತ್ತಾರೆ. ಬೆಂಗಳೂರಿನ ಉತ್ತರಕ್ಕಿರುವ ನಂದಿಬೆಟ್ಟದ ತಪ್ಪಲಿಗೆ ಈ ಮಾತು ಹೇಗೆ ಸಲ್ಲುತ್ತದೆಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಸೀಮೆಗೆ ದ್ರಾಕ್ಷಿಯ ಬೇಸಾಯ ಹೊಸದಲ್ಲ. ಬಸವನಗುಡಿ, ಮಲ್ಲೇಶ್ವರಗಳ ಹಣ್ಣಿನ ಅಂಗಡಿಗಳಲ್ಲಿ ಚಿರಪರಿಚಿತವಾದ ‘ಬೆಂಗಳೂರು ನೀಲಿ’ಗೆ 2013ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆಯಿತು. ಆದರೆ ಅದು ಅಮೆರಿಕದ ಲಬ್ರುಸ್ಕ ಕುಲಕ್ಕೆ ಸಂಬಂಧಪಟ್ಟದ್ದು. ಬಿಳಿ ದ್ರಾಕ್ಷಾರಸಕ್ಕೆ ಬಳಸುವ ಸೊವಿನ್ಯೊ ಬ್ಲಾಂಕ್, ವಿಯೊನ್ಯೆ ಮೊದಲಾದವು ಯುರೋಪಿನ ವಿನಿಫೆರ ಕುಲದವು. ಕಂವಲ್ ಗ್ರೋವರ್ ಅವರು ಷಾಂಪೇನ್ ಸೀಮೆಯ ತಜ್ಞ ಜಾರ್ಜ್ ವೆಸೆಲ್‌ರ ನೆರವಿನಿಂದ ದೊಡ್ಡಬಳ್ಳಾಪುರದ ಬಳಿ ದ್ರಾಕ್ಷಾರಸದ ತೋಟವನ್ನು ನೆಲೆಗೊಳಿಸಿದ್ದು 1988ರಲ್ಲಿ. ಆದುದರಿಂದ ನೀಲಿ ದ್ರಾಕ್ಷಿಯ ಹಳಮೆಯನ್ನು ಬಿಳಿ ದ್ರಾಕ್ಷಾರಸಕ್ಕೆ ಆರೋಪಿಸುವುದು ಇತಿಹಾಸಸಮ್ಮತವಲ್ಲ.

ಇನ್ನು ಹವೆಯ ವಿಚಾರ. ಫ್ರಾನ್ಸಿನ ಲ್ವಾರ್ ಕಣಿವೆ 47ನೆಯ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿದೆ. ಅಲ್ಲಿಯ ತಂಪು ಅಕ್ಷಾಂಶದ ಕೊಡುಗೆ. 13ನೆಯ ಅಕ್ಷಾಂಶದ ಸಮೀಪದಲ್ಲಿರುವ ನಂದಿಯ ತಪ್ಪಲಿಗೆ ತಂಪು ಒದಗಿರುವುದು ಸುಮಾರು 900 ಮೀಟರ್ ಎತ್ತರದಿಂದ. ಶಿಲೆಗಳು ಶಿಥಿಲಗೊಂಡು ಉಂಟಾದ ಇಲ್ಲಿಯ ಕೆಮ್ಮಣ್ಣು ನೀರನ್ನು ಬೇಗ ಬಸಿಯುತ್ತದೆ. ಶೀತದೇಶದ ಬಳ್ಳಿಗೆ ಚಳಿಗಾಲವೇ ವಿಶ್ರಾಂತಿ. ಇಲ್ಲಿ ಆ ವಿಶ್ರಾಂತಿಯಿಲ್ಲದ ಕಾರಣ ವರ್ಷಕ್ಕೆರಡು ಬಾರಿ ಬಳ್ಳಿಯನ್ನು ಸವರಬೇಕಾಗುತ್ತದೆ. ಬೇಸಗೆಯ ಸವರುವಿಕೆ ಕಡ್ಡಿಗಳನ್ನು ಬಲಿಸುವುದಕ್ಕೆ, ಮಳೆಗಾಲದ ಕೊನೆಯದು ಫಲಕ್ಕೆ. ಬೆಂಗಳೂರು ನೀಲಿಯಿಂದ ವರ್ಷಕ್ಕೆ ಎರಡು ಬೆಳೆ ತೆಗೆಯುವ ರೂಢಿಯುಂಟು. ದ್ರಾಕ್ಷಾರಸದ ಬಳ್ಳಿಯಿಂದ ಒಂದನ್ನೇ ತೆಗೆಯುತ್ತಾರೆ. ಹಣ್ಣು ಮಾಗುವ ದಿನಗಳಲ್ಲಿ ಹಗಲಿನ ಬಿಸಿಲು ಸಕ್ಕರೆಯನ್ನು ಹೆಚ್ಚಿಸಿದರೆ, ಇರುಳಿನ ತಂಪು ಹುಳಿಯನ್ನು ಕಾಪಾಡುತ್ತದೆ. ಮಾರ್ಚಿಯ ಸೆಕೆ ಬಲಿಯುವವರೆಗೆ ಕೊಯ್ಲು ತಡವಾದರೆ ಹುಳಿ ಇಳಿದು ರಸ ಸಪ್ಪೆಯಾಗುವುದು. ಇಲ್ಲಿಯ ಬಿಳಿ ದ್ರಾಕ್ಷಾರಸದ ಸತ್ತ್ವವಿರುವುದು ಈ ಕಾಲನಿರ್ಣಯದಲ್ಲಿಯೇ.

2007ರಲ್ಲಿ ಕರ್ನಾಟಕ ಸರ್ಕಾರವು ದ್ರಾಕ್ಷಿ ಸಂಸ್ಕರಣೆ ಹಾಗೂ ದ್ರಾಕ್ಷಾರಸಕ್ಕೆ ಸಂಬಂಧಿಸಿದ ನೀತಿಯನ್ನು ರೂಪಿಸಿತು. ಮರುವರ್ಷವೇ, 2008ರಲ್ಲಿ, ದೇವನಹಳ್ಳಿಯ ವಿಮಾನನಿಲ್ದಾಣ ತೆರೆಯಿತು. ಅಲ್ಲಿಂದೀಚೆಗೆ ನಗರವು ಇದೇ ದಿಕ್ಕಿಗೆ ಬೆಳೆಯುತ್ತಿದೆ. ಒಂದು ನೀತಿ ತೋಟವನ್ನು ಪೋಷಿಸಿದರೆ, ಇನ್ನೊಂದು ಬೆಳವಣಿಗೆ ತೋಟದ ನೆಲಕ್ಕೆ ನಿವೇಶನದ ಬೆಲೆಯನ್ನು ಕಟ್ಟಿತು. ಬಳ್ಳಿಯನ್ನು ಬೇರೆಡೆಗೆ ಒಯ್ಯಬಹುದು. ಈ ಎತ್ತರವನ್ನೂ ಇರುಳಿನ ತಂಪನ್ನೂ ಒಯ್ಯಲಾಗದು. ತೋಟಗಳು ಉಳಿದಿರುವಾಗಲೇ ಬೆಳೆಗಾರರ ಸವರುವಿಕೆಯ ದಿನಗಳನ್ನೂ ಕೊಯ್ಲಿನ ಲೆಕ್ಕಗಳನ್ನೂ ಸಂಗ್ರಹಿಸುವುದು ಸ್ಥಳೀಯ ಇತಿಹಾಸದ ಅಭ್ಯಾಸಿಗಳಿಗೆ ಸೇರಿದ ಕಾರ್ಯವಾಗಿದೆ.