ಮುಚ್ಚಳ ತೆರೆಯಲೆಂದೇ ಮಾಡಿದ ಗಣಕ



ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ತಿಂಗಳು ದೂರವಾಣಿಯಲ್ಲಿ ಮಾತನಾಡಿದ. ಕುಶಲೋಪರಿ ಮುಗಿದ ಮೇಲೆ, "ಸರ್, ಬಿಬಿಸಿ ಮೈಕ್ರೋ ನೆನಪಿದೆಯಾ? ನಮ್ಮ ಶಾಲೆಯಲ್ಲಿ ಬೀಗ ಹಾಕಿದ ಕೋಣೆಯಲ್ಲಿತ್ತಲ್ಲ, ಅದೇ. ಇಲ್ಲೊಬ್ಬರು ಮಾರುತ್ತಿದ್ದಾರೆ. ತಗೊಳ್ಳೋಣ ಅಂತಿದ್ದೀನಿ. ಹಳೇ ಸಾಮಾನಿಗೆ ದುಡ್ಡು ದಂಡ ಅಂತ ಮನೆಯಲ್ಲಿ ಬೈತಿದ್ದಾರೆ. ನೀವೇನಂತೀರಿ?" ಎಂದು ಕೇಳಿದ. "ತಗೊಳಪ್ಪಾ, ಆದರೆ ಕೊಂಡ ಮೇಲೆ ಮುಚ್ಚಿಡಬೇಡ" ಎಂದಷ್ಟೇ ಹೇಳಿದೆ. ಹಾಗೇಕೆ ಹೇಳಿದೆನೆಂಬುದಕ್ಕೆ ಒಂದು ಚರಿತ್ರೆ ಇದೆ. 'ಬೀಗ ಹಾಕಿದ ಕೋಣೆ' ಎಂಬ ಅವನ ಮಾತಿಗೆ ನಾನು ಕೊಡಬೇಕಾದ ಉತ್ತರವೂ ಒಂದಿದೆ. ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಬಿಬಿಸಿ ಎಂದೊಡನೆ ನಮ್ಮ ತಲೆಮಾರಿನವರಿಗೆ ರೇಡಿಯೋ ನೆನಪಾಗುತ್ತದೆ. ಪ್ರಸಾರ ಸಂಸ್ಥೆಗೂ ಗಣಕಕ್ಕೂ ಎತ್ತಣಿಂದೆತ್ತ ಸಂಬಂಧ? 1978ರಲ್ಲಿ ಬಿಬಿಸಿ ದೂರದರ್ಶನವು ಮೈಕ್ರೋಚಿಪ್ಪಿನ ಕುರಿತು ಒಂದು ಸಾಕ್ಷ್ಯಚಿತ್ರವನ್ನು ಪ್ರಸಾರ ಮಾಡಿತು. ಈ ಪುಟ್ಟ ಚಿಪ್ಪು ಬ್ರಿಟನ್ನಿನ ಕಾರ್ಖಾನೆ ಕಚೇರಿಗಳ ಉದ್ಯೋಗಗಳನ್ನು ಏನು ಮಾಡೀತು ಎಂಬುದು ಅದರ ಪ್ರಶ್ನೆಯಾಗಿತ್ತು. ಅದರಿಂದ ಹುಟ್ಟಿದ ಆತಂಕವು ಸರ್ಕಾರದವರೆಗೂ ಮುಟ್ಟಿತು. ಜನಸಾಮಾನ್ಯರಿಗೆ ಗಣಕದ ಅಕ್ಷರಾಭ್ಯಾಸ ಮಾಡಿಸಬೇಕೆಂದು ಬಿಬಿಸಿ 'ಕಂಪ್ಯೂಟರ್ ಲಿಟರಸಿ ಪ್ರಾಜೆಕ್ಟ್' ಎಂಬ ಯೋಜನೆಯನ್ನು ಕೈಗೊಂಡಿತು. ಕೇವಲ ನೋಡಿ ಕಲಿಯುವ ವಿದ್ಯೆ ಇದಲ್ಲ, ಮಾಡಿ ಕಲಿಯಬೇಕು. ಆದ್ದರಿಂದ ಕಾರ್ಯಕ್ರಮದೊಂದಿಗೆ ಜನರು ಕೊಳ್ಳಬಹುದಾದ ಒಂದು ಗಣಕವೂ ಬೇಕೆಂದು ಅವರು ನಿಶ್ಚಯಿಸಿದರು.

ಕೇಂಬ್ರಿಡ್ಜಿನಲ್ಲಿ ಆಗ ಏಕಾರ್ನ್ ಎಂಬ ಸಣ್ಣ ಕಂಪನಿಯಿತ್ತು. ಕ್ರಿಸ್ ಕರ್ರಿ ಮತ್ತು ಹರ್ಮನ್ ಹೌಸರ್ ಅದರ ಸ್ಥಾಪಕರು. ಬಿಬಿಸಿಯವರು ಯಂತ್ರವನ್ನು ನೋಡಲು ಶುಕ್ರವಾರ ಬರುವವರಿದ್ದರು. ಆ ವಾರದ ಆರಂಭದಲ್ಲಿ ಏಕಾರ್ನ್ ಬಳಿ ಇದ್ದದ್ದು ಕಾಗದದ ಮೇಲಿನ ಯೋಚನೆ ಮಾತ್ರ. ಹೌಸರ್ ಅವರು ಸೋಫೀ ವಿಲ್ಸನ್ ಬಳಿ ಹೋಗಿ, "ವಾರದೊಳಗೆ ಮಾಡಬಹುದೆಂದು ಸ್ಟೀವ್ ಫರ್ಬರ್ ಒಪ್ಪಿದ್ದಾರೆ" ಎಂದರಂತೆ. ಫರ್ಬರ್ ಬಳಿ ಹೋಗಿ, "ವಿಲ್ಸನ್ ಒಪ್ಪಿದ್ದಾರೆ" ಎಂದರಂತೆ. ಇಬ್ಬರೂ ಒಪ್ಪಿರಲಿಲ್ಲ! ಆದರೂ ಹಗಲಿರುಳು ದುಡಿದು ಯಂತ್ರವನ್ನು ಜೋಡಿಸಿದರು. ಶುಕ್ರವಾರ ಬೆಳಗಿನ ಜಾವವಾದರೂ ಅದು ಉಸಿರಾಡಲಿಲ್ಲ. ಪರೀಕ್ಷಿಸುವ ಉಪಕರಣಕ್ಕೂ ಹೊಸ ಯಂತ್ರಕ್ಕೂ ನಡುವೆ ಇದ್ದ ಒಂದು ತಂತಿಯನ್ನು ಕತ್ತರಿಸಿ ನೋಡಿ ಎಂದು ಹೌಸರ್ ಸೂಚಿಸಿದರು. ಕತ್ತರಿಸಿದೊಡನೆ ಯಂತ್ರ ತನ್ನಷ್ಟಕ್ಕೆ ತಾನು ಓಡತೊಡಗಿತು. ಬಿಬಿಸಿಯವರು ಬರಲು ಕೆಲವೇ ಗಂಟೆಗಳು ಉಳಿದಿದ್ದವು.

1981ರ ಡಿಸೆಂಬರಿನಲ್ಲಿ ಗಣಕ ಹೊರಬಂದಿತು. 1982ರ ಜನವರಿಯಲ್ಲಿ 'ದಿ ಕಂಪ್ಯೂಟರ್ ಪ್ರೋಗ್ರಾಂ' ಎಂಬ ಸರಣಿಯ ಪ್ರಸಾರ ಆರಂಭವಾಯಿತು. 16 ಕಿಲೋಬೈಟ್ ಮೆಮೊರಿಯ 'ಮಾಡೆಲ್ ಎ' ಬೆಲೆ 235 ಪೌಂಡು, 32 ಕಿಲೋಬೈಟಿನ 'ಮಾಡೆಲ್ ಬಿ' ಬೆಲೆ 335 ಪೌಂಡು ಎಂದು ಘೋಷಿಸಿದ್ದರು. ಬಲುಬೇಗ ಅವು 299 ಮತ್ತು 399ಕ್ಕೆ ಏರಿದವು. ಇದು ಅಗ್ಗದ ಯಂತ್ರವಲ್ಲ. ಅದೇ 1981ರಲ್ಲಿ ಸಿಂಕ್ಲೇರ್ ಕಂಪನಿಯ ಜ಼ೆಡ್ಎಕ್ಸ್ 81 ಎಂಬ ಗಣಕವು 70 ಪೌಂಡಿಗೆ ಸಿಗುತ್ತಿತ್ತು. ಆದರೂ ಹನ್ನೆರಡು ಸಾವಿರ ಮಾರಾಟವಾದೀತೆಂದು ಅಂದಾಜು ಮಾಡಿದ್ದ ಬಿಬಿಸಿ ಮೈಕ್ರೋ ಕೊನೆಗೆ ಹದಿನೈದು ಲಕ್ಷಕ್ಕೂ ಮಿಕ್ಕಿ ಮಾರಾಟವಾಯಿತು.

ಜನ ಹೆಚ್ಚು ಹಣ ತೆತ್ತು ಇದನ್ನೇ ಏಕೆ ಕೊಂಡರು? ಬಿಬಿಸಿಯ ಹೆಸರು, ಶಾಲೆಗಳಿಗೆ ಸರ್ಕಾರ ನೀಡಿದ ನೆರವು ಇವೆಲ್ಲ ಕಾರಣಗಳೇ. ನನಗೆ ಮುಖ್ಯವಾಗಿ ಕಾಣುವ ಕಾರಣ ಬೇರೆ. ಈ ಗಣಕವು ಪೂರ್ತಿ ತುಂಬಿದ ಪೆಟ್ಟಿಗೆಯಾಗಿರಲಿಲ್ಲ. ಅದರೊಳಗೆ ಬೇಕೆಂದೇ ಖಾಲಿ ಜಾಗ ಬಿಟ್ಟಿದ್ದರು.

ಸ್ವಲ್ಪ ವಿವರಿಸುತ್ತೇನೆ. ಮಾಡೆಲ್ ಎ ಕೊಂಡ ಬಡ ಗೃಹಸ್ಥನ ಯಂತ್ರದಲ್ಲೂ ಮಾಡೆಲ್ ಬಿಗೆ ಬೇಕಾದ ಚಿಪ್ಪುಗಳ ಸ್ಥಾನಗಳು ಹಲಗೆಯ ಮೇಲೆ ಸಿದ್ಧವಾಗಿದ್ದವು. ಕೈಯಲ್ಲಿ ಕಾಸಾದಾಗ ಎಂಟು ಮೆಮೊರಿ ಚಿಪ್ಪುಗಳನ್ನು ತಂದು ಕೂರಿಸಿದರೆ 16 ಕಿಲೋಬೈಟ್ 32 ಆಗುತ್ತಿತ್ತು. ಇನ್ನಷ್ಟು ಬಿಡಿಭಾಗ ಸೇರಿಸಿದರೆ ಪ್ರಿಂಟರನ್ನೂ ಜೋಡಿಸಬಹುದಿತ್ತು. ಹಲಗೆಯ ಬಲಭಾಗದಲ್ಲಿ ರಾಮ್ ಅಲ್ಲದ, ಅಳಿಸಲಾಗದ 'ರೋಮ್' ಚಿಪ್ಪುಗಳಿಗೆಂದು ಸಾಲಾಗಿ ಸಾಕೆಟ್ಟುಗಳಿದ್ದವು. ಒಂದರಲ್ಲಿ ಯಂತ್ರದ ಮೂಲ ತಂತ್ರಾಂಶ, ಇನ್ನೊಂದರಲ್ಲಿ ವಿಲ್ಸನ್ ಬರೆದ ಬೇಸಿಕ್ ಭಾಷೆ ಇರುತ್ತಿದ್ದವು. ಉಳಿದ ಮೂರು ಖಾಲಿ. ಪತ್ರ ಬರೆಯುವ ತಂತ್ರಾಂಶವಿರುವ ಚಿಪ್ಪನ್ನು ಒಂದರಲ್ಲಿ ಕೂರಿಸಿದರೆ ಅದೇ ಯಂತ್ರ ಬೆರಳಚ್ಚು ಯಂತ್ರವಾಗುತ್ತಿತ್ತು. ಕ್ಯಾಸೆಟ್ಟಿನಿಂದ ಪ್ರೋಗ್ರಾಂ ಎತ್ತಿಕೊಳ್ಳಲು ನಿಮಿಷಗಟ್ಟಲೆ ಕಾಯಲಾರದವರು ಫ್ಲಾಪಿಯ ನಿಯಂತ್ರಕ ಚಿಪ್ಪನ್ನು ಸೇರಿಸಿಕೊಳ್ಳುತ್ತಿದ್ದರು. ಅದಕ್ಕೂ ಜಾಗ ಕಾದಿರಿಸಲಾಗಿತ್ತು. ಮನೆ ಕಟ್ಟುವಾಗ ಮೇಲಂತಸ್ತಿಗೆಂದು ಕಂಬದ ಕಬ್ಬಿಣದ ಸರಳುಗಳನ್ನು ಮೇಲಕ್ಕೆ ಬಿಟ್ಟಿರುತ್ತಾರಲ್ಲ, ಹಾಗೆ.

ಎಲ್ಲಕ್ಕಿಂತ ವಿಶೇಷವಾದದ್ದು ಯಂತ್ರದ ಅಡಿಯಲ್ಲಿದ್ದ 'ಟ್ಯೂಬ್' ಎಂಬ ಸಂಪರ್ಕದ್ವಾರ. ಇದರ ಮೂಲಕ ಎರಡನೆಯ ಪ್ರೊಸೆಸರನ್ನೇ ಜೋಡಿಸಬಹುದಿತ್ತು. ಶಾಲೆಯ ಉದಾಹರಣೆಯಿಂದಲೇ ಹೇಳುವುದಾದರೆ, ಗುಮಾಸ್ತರು ಕಿಟಕಿಯ ಬಳಿ ಕುಳಿತು ಅರ್ಜಿಗಳನ್ನು ತೆಗೆದುಕೊಳ್ಳುತ್ತಾರೆ, ಉತ್ತರಗಳನ್ನು ಹೊರಗೆ ಕೊಡುತ್ತಾರೆ. ಒಳಗಿನ ಕೋಣೆಯಲ್ಲಿ ಮುಖ್ಯೋಪಾಧ್ಯಾಯರು ಯೋಚಿಸಿ ನಿರ್ಧರಿಸುತ್ತಾರೆ. ಬಿಬಿಸಿ ಮೈಕ್ರೋ ಗುಮಾಸ್ತನಾಗಿ ಕೀಲಿಮಣೆ, ಪರದೆ, ಫ್ಲಾಪಿಗಳನ್ನು ನೋಡಿಕೊಳ್ಳುತ್ತಿತ್ತು. ಟ್ಯೂಬಿನ ಆಚೆ ಕುಳಿತ ಪ್ರೊಸೆಸರು ಲೆಕ್ಕಾಚಾರವನ್ನು ಮಾಡುತ್ತಿತ್ತು. ಮುಖ್ಯೋಪಾಧ್ಯಾಯರು ಬದಲಾದರೂ ಗುಮಾಸ್ತರು ಬದಲಾಗಬೇಕಿಲ್ಲ.

ಈ ದ್ವಾರದಿಂದ ಬಂದದ್ದು ಇಡೀ ಜಗತ್ತಿನ ಚರಿತ್ರೆಯನ್ನೇ ತಿರುಗಿಸಿತು. 1983ರ ವೇಳೆಗೆ ಏಕಾರ್ನ್‌ಗೆ ಇನ್ನೂ ಬಲವಾದ ಪ್ರೊಸೆಸರು ಬೇಕಾಗಿತ್ತು. ಪೇಟೆಯಲ್ಲಿದ್ದ ಯಾವುದೂ ಹಿಡಿಸಲಿಲ್ಲ. ವಿಲ್ಸನ್ ಮತ್ತು ಫರ್ಬರ್ ಅಮೆರಿಕದ ಅರಿಜೋನಾದಲ್ಲಿ ಒಂದು ಪುಟ್ಟ ತಂಡವು ಸಾಧಾರಣ ಮನೆಯಂತಹ ಕಟ್ಟಡದಲ್ಲಿ ಪ್ರೊಸೆಸರನ್ನು ವಿನ್ಯಾಸ ಮಾಡುತ್ತಿದ್ದುದನ್ನು ಕಂಡುಬಂದರು. ಇವರು ಮಾಡಬಹುದಾದರೆ ನಾವೇಕೆ ಮಾಡಬಾರದು ಎಂಬ ಧೈರ್ಯ ಹುಟ್ಟಿತು. ಹೊಸ ಪ್ರೊಸೆಸರಿನ ನಡವಳಿಕೆಯನ್ನು ವಿಲ್ಸನ್ ಮೊದಲು ಬಿಬಿಸಿ ಬೇಸಿಕ್‌ನಲ್ಲಿಯೇ ಬರೆದು ಪರೀಕ್ಷಿಸಿದರು. 1985ರ ಏಪ್ರಿಲ್ 26ರಂದು ಮೊದಲ ಚಿಪ್ಪು ಕೈಸೇರಿತು. ಅದನ್ನು ಬಿಬಿಸಿ ಮೈಕ್ರೋದ ಟ್ಯೂಬಿಗೆ ಜೋಡಿಸಿದರು. ಮೊದಲ ಪ್ರಯತ್ನದಲ್ಲಿಯೇ ಅದು ಕೆಲಸ ಮಾಡಿತು. ಅದು ಎಷ್ಟು ವಿದ್ಯುತ್ತನ್ನು ಬಳಸುತ್ತದೆಂದು ಫರ್ಬರ್ ಅಳೆದಾಗ ಮಾಪಕದ ಮುಳ್ಳು ಸೊನ್ನೆಯಲ್ಲಿತ್ತು. ನೋಡಿದರೆ ಚಿಪ್ಪಿಗೆ ವಿದ್ಯುತ್ತಿನ ಸಂಪರ್ಕವೇ ಸರಿಯಾಗಿ ಆಗಿರಲಿಲ್ಲ! ಅಕ್ಕಪಕ್ಕದ ಸಂಜ್ಞೆಯ ತಂತಿಗಳಿಂದ ಸೋರಿಬಂದ ಅಲ್ಪ ವಿದ್ಯುತ್ತಿನಲ್ಲಿಯೇ ಅದು ನಡೆಯುತ್ತಿತ್ತು.

ಆ ಚಿಪ್ಪಿನ ಹೆಸರು ಆರ್ಮ್. ಅಷ್ಟು ಕಡಿಮೆ ವಿದ್ಯುತ್ತಿನಲ್ಲಿ ನಡೆಯುವ ಗುಣದಿಂದಲೇ ಅದರ ವಂಶದ ಪ್ರೊಸೆಸರುಗಳು ಇಂದು ನಮ್ಮೆಲ್ಲರ ಜೇಬಿನ ಮೊಬೈಲ್ ಫೋನುಗಳಲ್ಲಿ ಕುಳಿತಿವೆ. ಈ ಲೇಖನವನ್ನು ನೀವು ಫೋನಿನಲ್ಲಿ ಓದುತ್ತಿದ್ದರೆ, ಬಹುಮಟ್ಟಿಗೆ ಆ ಖಾಲಿ ಬಿಟ್ಟ ದ್ವಾರದ ಮೊಮ್ಮಗನ ಮೂಲಕವೇ ಓದುತ್ತಿದ್ದೀರಿ.

ಇನ್ನು ನಮ್ಮ ಹುಡುಗನ ಪ್ರಶ್ನೆಗೆ ಬರುತ್ತೇನೆ. ನಲವತ್ತು ವರ್ಷದ ಹಳೆಯ ಬಿಬಿಸಿ ಮೈಕ್ರೋವನ್ನು ಕೊಳ್ಳುವವರಿಗೆ ಮೊದಲನೆಯ ಎಚ್ಚರಿಕೆ, ಮನೆಗೆ ತಂದ ತಕ್ಷಣ ಸ್ವಿಚ್ ಹಾಕಬಾರದು. ಇವುಗಳ ಪವರ್ ಸಪ್ಲೈಯಲ್ಲಿ ಕಾಗದದ ಪದರಗಳಿಂದ ಮಾಡಿದ ಕೆಪಾಸಿಟರುಗಳಿವೆ. ವಯಸ್ಸಾದಂತೆ ಅವುಗಳ ಹೊರಕವಚ ಬಿರುಕುಬಿಟ್ಟು ಗಾಳಿಯ ತೇವವನ್ನು ಹೀರಿಕೊಳ್ಳುತ್ತವೆ. ಸ್ವಿಚ್ ಹಾಕಿದ ಕೆಲವು ನಿಮಿಷಗಳಲ್ಲಿ 'ಢಬ್' ಎಂದು ಸಿಡಿದು ಮನೆತುಂಬ ದುರ್ವಾಸನೆಯ ಹೊಗೆ ತುಂಬುತ್ತದೆ. ಗಣಕ ಸತ್ತಿತೆಂದು ಹೆದರಬೇಕಾಗಿಲ್ಲ, ಹೊಸ ಕೆಪಾಸಿಟರು ಹಾಕಿದರೆ ಸಾಮಾನ್ಯವಾಗಿ ಬದುಕುತ್ತದೆ. ಮೊದಲೇ ಬದಲಾಯಿಸುವುದು ಜಾಣತನ. ವಿದ್ಯುತ್ ಕೆಲಸ ಬಲ್ಲವರಿಂದಲೇ ಅದನ್ನು ಮಾಡಿಸಬೇಕು. ಪ್ಲಗ್ ಕಿತ್ತ ಮೇಲೂ ಅದರೊಳಗೆ ಅಪಾಯಕಾರಿ ವಿದ್ಯುತ್ತು ಸ್ವಲ್ಪ ಹೊತ್ತು ಉಳಿದಿರುತ್ತದೆ.

ಎರಡನೆಯದಾಗಿ, ಪರದೆಯ ಮೇಲೆ ಏನೂ ಬಾರದಿದ್ದರೆ ನಿರಾಶರಾಗಬಾರದು. ಮುಖ್ಯ ಚಿಪ್ಪುಗಳು ಸಾಕೆಟ್ಟಿನಲ್ಲಿರುವುದರಿಂದ ಕಾಲಾಂತರದಲ್ಲಿ ಕಾಲುಗಳಿಗೆ ಕಿಲುಬು ಹಿಡಿದಿರುತ್ತದೆ. ಮೆಲ್ಲನೆ ಎತ್ತಿ ಮತ್ತೆ ಕೂರಿಸಿದರೆ ಎಷ್ಟೋ ಯಂತ್ರಗಳು ಎಚ್ಚರಗೊಳ್ಳುತ್ತವೆ. ನಮ್ಮಲ್ಲಿಗೆ ತರುವವರಿಗೆ ಒಂದು ಅನುಕೂಲವೂ ಇದೆ. ಬ್ರಿಟನ್ನಿನ ಯಂತ್ರ ನಮ್ಮ ಮನೆಯ ವಿದ್ಯುತ್ತಿಗೆ ಹೊಂದಿಕೊಳ್ಳುತ್ತದೆ, ಪ್ಲಗ್ಗಿನ ಆಕಾರ ಮಾತ್ರ ಬೇರೆ.

ಆಮೇಲೆ ಯಂತ್ರವನ್ನು ಮೇಲ್ದರ್ಜೆಗೆ ಏರಿಸುವ ಸಂತೋಷ. ಫ್ಲಾಪಿಗಳು ಈಗ ಸಿಗುವುದು ಕಷ್ಟ. ಕ್ಯಾಮೆರಾಕ್ಕೆ ಹಾಕುವ ಎಸ್‌ಡಿ ಕಾರ್ಡನ್ನು ಸಣ್ಣ ಹಲಗೆಯೊಂದರ ಮೂಲಕ ಯಂತ್ರದ ಅಡಿಯ ಪೋರ್ಟಿಗೆ ಜೋಡಿಸಿ, ಅದಕ್ಕೆ ತಕ್ಕ ರೋಮ್ ಚಿಪ್ಪನ್ನು ಖಾಲಿ ಸಾಕೆಟ್ಟಿನಲ್ಲಿ ಕೂರಿಸಿದರೆ ನೂರಾರು ಫ್ಲಾಪಿಗಳು ಉಗುರಿನಷ್ಟು ಕಾರ್ಡಿನಲ್ಲಿ ಹಿಡಿಸುತ್ತವೆ. ಇನ್ನು ಟ್ಯೂಬಿಗೆ ಏನು ಜೋಡಿಸುತ್ತಾರೆ ಗೊತ್ತೇ? 2012ರಲ್ಲಿ ಅದೇ ಕೇಂಬ್ರಿಡ್ಜಿನಲ್ಲಿ ಹುಟ್ಟಿದ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಗಣಕವನ್ನು! ಮಕ್ಕಳು ಗಣಕವನ್ನು ಬಿಚ್ಚಿ ಕಲಿಯಲೆಂದೇ ಅದನ್ನು ಮಾಡಿದರು. ಬಿಬಿಸಿ ಮೈಕ್ರೋದ ಗೌರವಾರ್ಥ ಅದರ ಮಾದರಿಗಳಿಗೂ 'ಎ', 'ಬಿ' ಎಂದೇ ಹೆಸರಿಟ್ಟರು. ಅದರೊಳಗಿರುವುದು ಆರ್ಮ್ ಪ್ರೊಸೆಸರು. ತವರುಮನೆಯಿಂದ ಹೊರಟು ಲೋಕವನ್ನೆಲ್ಲ ಸುತ್ತಿದ ಮಗಳು ಮತ್ತೆ ಅದೇ ಬಾಗಿಲಿನಿಂದ ಒಳಗೆ ಬಂದಂತಾಯಿತು. ಬಾಗಿಲು ಬಿಟ್ಟಿದ್ದವರಿಗೆ ಬರುವವರು ಯಾರೆಂದು ಗೊತ್ತಿರಲಿಲ್ಲ. ಆದರೂ ಬಿಟ್ಟಿದ್ದರು.

ಈಗ ಬೀಗದ ವಿಷಯ. 1984-85ರಲ್ಲಿ ಭಾರತ ಸರ್ಕಾರವು ಶಾಲೆಗಳಲ್ಲಿ ಗಣಕ ಶಿಕ್ಷಣಕ್ಕಾಗಿ 'ಕ್ಲಾಸ್' ಎಂಬ ಯೋಜನೆಯನ್ನು ಆರಂಭಿಸಿ, ಮೊದಲಿಗೆ ಸುಮಾರು 250 ಶಾಲೆಗಳಿಗೆ ಬಿಬಿಸಿ ಮೈಕ್ರೋಗಳನ್ನು ನೀಡಿತು. ಆಮೇಲೆ ಯೋಜನೆ ವಿಸ್ತಾರವಾದಾಗ ನಾನಿದ್ದ ಪ್ರೌಢಶಾಲೆಗೂ ಅವು ಬಂದವು. ಕಿರು ತರಬೇತಿ ಪಡೆದ ನನಗೆ ಅವುಗಳ ಉಸ್ತುವಾರಿ ದೊರೆಯಿತು. ಸ್ಟಾಕ್ ರಿಜಿಸ್ಟರಿನಲ್ಲಿ ನನ್ನ ಸಹಿ ಬಿತ್ತು. ಹಾಳಾದರೆ ಸಂಬಳದಲ್ಲಿ ಹಿಡಿದಾರೆಂಬ ಭಯವೂ ಅಂದೇ ಹೊಕ್ಕಿತು. ಬಟ್ಟೆಯ ಹೊದಿಕೆ ಹೊಲಿಸಿದೆ. ಚಪ್ಪಲಿ ಹೊರಗೆ ಬಿಡಿಸಿದೆ. ಆಯುಧಪೂಜೆಯಂದು ಕುಂಕುಮವಿಟ್ಟು ಹೂ ಮುಡಿಸಿದೆ. ವಾರಕ್ಕೊಮ್ಮೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಕೀಲಿಗಳನ್ನು ನಾನೇ ಒತ್ತಿ ತೋರಿಸಿದೆ. ಎಂಟನೆಯ ತರಗತಿಯ ಹುಡುಗನೊಬ್ಬ, "ಸರ್, ಒಳಗೇನಿದೆ? ಬಿಚ್ಚಿ ತೋರಿಸ್ತೀರಾ?" ಎಂದು ಕೇಳಿದ. "ಕೈ ಇಟ್ಟೀಯಾ ಜೋಕೆ" ಎಂದು ಗದರಿಸಿ ಬೀಗ ಹಾಕಿದೆ. ಬಿಚ್ಚಲೆಂದೇ ಮಾಡಿದ ಯಂತ್ರವದು ಎಂಬುದು ಆಗ ನನಗೆ ತಿಳಿದಿರಲಿಲ್ಲ. ತಿಳಿದಿದ್ದರೂ ಬಿಚ್ಚುವ ಧೈರ್ಯ ಮಾಡುತ್ತಿದ್ದೆನೆಂದು ಹೇಳಲಾರೆ. ಕೆಲವು ವರ್ಷಗಳಲ್ಲಿ ಅವು ಹಳತಾದವು. ಕೀಲಿಮಣೆಯ ಅಕ್ಷರಗಳು ಸ್ವಲ್ಪವೂ ಸವೆಯದೆ ಹೊಳೆಯುತ್ತಿದ್ದ ಹಾಗೆಯೇ ಅವು ಮೂಲೆಗೆ ಸೇರಿದವು. ಯಂತ್ರಗಳನ್ನು ಕಾಪಾಡಿದೆ, ಕಲಿಯುವ ಮಕ್ಕಳನ್ನು ಬಾಗಿಲಾಚೆ ನಿಲ್ಲಿಸಿದೆ.

ದೂರವಾಣಿಯಲ್ಲಿ ಮಾತನಾಡಿದವನು ಅಂದು ಆ ಪ್ರಶ್ನೆ ಕೇಳಿದ ಹುಡುಗನೇ. ಅವನು ಅದನ್ನು ನೆನಪಿಸಲಿಲ್ಲ, ಅದು ಅವನ ಸೌಜನ್ಯ. ಕಳೆದ ಭಾನುವಾರ ಮತ್ತೆ ಕರೆ ಮಾಡಿದ, ಈ ಸಲ ವಿಡಿಯೋದಲ್ಲಿ. ಯಂತ್ರ ಮನೆಗೆ ಬಂದಿತ್ತು. ಪೆಟ್ಟಿಗೆಯನ್ನು ಹಿಡಿದಿದ್ದ ನಾಲ್ಕು ತಿರುಪುಗಳನ್ನು ತೋರಿಸಿದ. ಎಲ್ಲಿ ಬಿಚ್ಚಬೇಕೆಂದು ಹುಡುಕುವ ಕಷ್ಟವಾಗದಿರಲೆಂದು ಅವುಗಳ ಪಕ್ಕದಲ್ಲಿ 'ಫಿಕ್ಸ್' ಎಂದು ತಯಾರಕರೇ ಗುರುತು ಹಾಕಿದ್ದರು. ಮಗಳ ಕೈಗೆ ಸ್ಕ್ರೂಡ್ರೈವರ್ ಕೊಟ್ಟು, "ನೀನೇ ಬಿಚ್ಚಮ್ಮ" ಎಂದ. ಮುಚ್ಚಳ ಎದ್ದಿತು. ಬಲಗಡೆಯ ಸಾಲಿನಲ್ಲಿ ಮೂರು ಸಾಕೆಟ್ಟುಗಳು ಖಾಲಿಯಾಗಿಯೇ ಕಾದು ಕುಳಿತಿದ್ದವು. "ಅಜ್ಜಾ, ಇಲ್ಲಿ ಏನು ಹಾಕೋದು?" ಎಂದು ಆ ಮಗು ಕೇಳಿತು.

ಈ ಸಲ ನಾನು ಗದರಿಸಲಿಲ್ಲ. "ನಿನಗೇನು ಬೇಕೋ ಅದು ಮಗೂ" ಎಂದೆ.