ಪ್ರಾಣಭಯ ಮತ್ತು ಕೊಲೆಯ ಹೊಣೆ

ತನ್ನ ಪ್ರಾಣವುಳಿಸಿಕೊಳ್ಳಲು ಮಾಡಿದ ಕೃತ್ಯಕ್ಕೆ ಮನುಷ್ಯನು ಎಷ್ಟರಮಟ್ಟಿಗೆ ಹೊಣೆಗಾರನು? 1860ರ ಭಾರತೀಯ ದಂಡ ಸಂಹಿತೆಯ 94ನೆಯ ಕಲಮು ತತ್‌ಕ್ಷಣದ ಮರಣಭಯಕ್ಕೆ ಒಳಗಾದವನ ಅಪರಾಧವನ್ನು ಮನ್ನಿಸಿತು. ಆದರೆ ಕೊಲೆಯನ್ನೂ, ಮರಣದಂಡನೆಗೆ ಅರ್ಹವಾದ ರಾಜ್ಯವಿರೋಧಿ ಅಪರಾಧಗಳನ್ನೂ ಹೊರಗಿಟ್ಟಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 32ನೆಯ ಕಲಮೂ ಇದನ್ನೇ ಹೇಳುತ್ತದೆ. ಕೊಲೆಯ ವಿಷಯದಲ್ಲಿ ಇಂಗ್ಲೆಂಡಿನ ನ್ಯಾಯಪರಂಪರೆಯ ನಿಲುವೂ ಇದೇ. ಯುರೋಪಿನ ಇತರ ಹಲವು ದೇಶಗಳ ಸಂಹಿತೆಗಳು ಮಾತ್ರ ಕೊಲೆಯನ್ನು ಹೀಗೆ ಪ್ರತ್ಯೇಕಿಸುವುದಿಲ್ಲ. ಈ ಎರಡು ಪರಂಪರೆಗಳು ಮುಖಾಮುಖಿಯಾದದ್ದು ಹೇಗ್ ನಗರದಲ್ಲಿ, ಒಬ್ಬ ಸಾಮಾನ್ಯ ಸೈನಿಕನ ಮೊಕದ್ದಮೆಯಲ್ಲಿ.

1995ರ ಜುಲೈಯಲ್ಲಿ ಬೋಸ್ನಿಯಾದ ಸ್ರೆಬ್ರೆನಿತ್ಸ ಪಟ್ಟಣವು ಸರ್ಬ್ ಸೇನೆಯ ವಶವಾಯಿತು. ಜುಲೈ 16ರಂದು ಪಿಲಿತ್ಸ ಗ್ರಾಮದ ಬಳಿಯ ಬ್ರಾನ್ಯೆವೊ ಕೃಷಿಕ್ಷೇತ್ರಕ್ಕೆ ಮುಸ್ಲಿಮ್ ಬಂದಿಗಳನ್ನು ಬಸ್ಸುಗಳಲ್ಲಿ ತಂದು, ಹತ್ತು ಹತ್ತು ಮಂದಿಯಂತೆ ಸಾಲಾಗಿ ನಿಲ್ಲಿಸಿ ಗುಂಡಿಕ್ಕಲಾಯಿತು. ಸತ್ತವರು ಸುಮಾರು 1,200. ಅಲ್ಲಿದ್ದ ಸೈನಿಕರಲ್ಲೊಬ್ಬನು 23 ವರ್ಷದ ಕ್ರೊಯೇಷಿಯನ್ ಮೂಲದ ದ್ರಾಜೆನ್ ಎರ್ದೆಮೊವಿಚ್. ಆತನು ಮೊದಲು ಒಲ್ಲೆನೆಂದನು. ಮನಸ್ಸಿಲ್ಲದಿದ್ದರೆ ಕೋವಿಯನ್ನು ಕೊಟ್ಟು ಬಂದಿಗಳ ಸಾಲಿನಲ್ಲಿ ನಿಲ್ಲಬಹುದೆಂಬ ಉತ್ತರ ಬಂದಿತು. ಆತನು ಕೋವಿಯನ್ನು ಎತ್ತಿದನು. ತನ್ನ ಕೈಯಿಂದ ಸತ್ತವರು ಸುಮಾರು 70 ಮಂದಿಯಿರಬಹುದೆಂದು ಮುಂದೆ ಆತನೇ ಅಂದಾಜಿಸಿದನು. ಅದೇ ದಿನ ಪಿಲಿತ್ಸದ ಸಭಾಭವನದಲ್ಲಿದ್ದ ಇನ್ನೂ ಸುಮಾರು 500 ಮಂದಿಯನ್ನು ಕೊಲ್ಲಲು ಆಜ್ಞೆಯಾದಾಗ ಆತನೂ ಕೆಲವು ಸಂಗಡಿಗರೂ ನಿರಾಕರಿಸಿದರು. ಆ ನಿರಾಕರಣೆಗಾಗಿ ಅವರನ್ನು ಯಾರೂ ಅಲ್ಲಿ ಕೊಲ್ಲಲಿಲ್ಲ. ಬಂದಿಗಳನ್ನು ಬೇರೆಯವರು ಕೊಂದರು. ಬೆಳಿಗ್ಗೆ ಒಪ್ಪಿದ ಕೈ ಮಧ್ಯಾಹ್ನ ಒಲ್ಲೆನೆಂದುದನ್ನು ಹೇಗೆ ಅರ್ಥೈಸಬೇಕು? ಬೆಳಗಿನ ಬೆದರಿಕೆ ಹುಸಿಯೆಂದು ಇದರಿಂದಲೇ ತೀರ್ಮಾನಿಸುವುದು ಅವಸರವಾದೀತು.

ಆತನು ತಾನಾಗಿಯೇ ಎಲ್ಲವನ್ನೂ ಹೇಳಿ ತಪ್ಪೊಪ್ಪಿಕೊಂಡನು. 1996ರ ನವೆಂಬರ್ 29ರಂದು ಹತ್ತು ವರ್ಷಗಳ ಸೆರೆವಾಸ ವಿಧಿಸಲಾಯಿತು. 1997ರ ಅಕ್ಟೋಬರ್ 7ರಂದು ಮೇಲ್ಮನವಿ ಪೀಠವು ಮೂವರಿಗೆ ಇಬ್ಬರಂತೆ ಭಿನ್ನಮತದಿಂದ ತೀರ್ಪಿತ್ತಿತು: ನಿರಪರಾಧಿಗಳನ್ನು ಕೊಂದ ಸೈನಿಕನಿಗೆ ಪ್ರಾಣಭಯವು ಪೂರ್ಣ ರಕ್ಷಣೆಯಾಗದು, ಶಿಕ್ಷೆಯನ್ನು ತಗ್ಗಿಸಲು ಕಾರಣವಾಗಬಹುದು. ಯುದ್ಧಕಾಲದಲ್ಲಿ ದುರ್ಬಲರಿಗೆ ಕಾನೂನಿನ ಆಸರೆ ಸಡಿಲವಾಗಬಾರದೆಂಬುದು ಬಹುಮತದ ಕಾಳಜಿ. ಇಟಲಿಯ ನ್ಯಾಯಮೂರ್ತಿ ಅಂತೋನಿಯೊ ಕಸ್ಸೇಸೆಯವರು ಒಪ್ಪಲಿಲ್ಲ. ಸೈನಿಕನು ನಿರಾಕರಿಸಿದರೂ ಬಂದಿಗಳು ಸಾಯುವುದು ಖಚಿತವಾಗಿದ್ದರೆ ಆತನ ಬಲಿದಾನದಿಂದ ಉಳಿಯುವ ಜೀವ ಯಾವುದು? ಕಾನೂನು ವೀರಮರಣವನ್ನು ಕಡ್ಡಾಯಗೊಳಿಸಲಾಗದೆಂಬುದು ಅವರ ವಾದ. ಈ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು. ಆದರೆ ಕೊಲ್ಲುವ ಪ್ರತಿಯೊಬ್ಬನೂ ಹಾಗೆಯೇ ಎಣಿಸಿದುದರಿಂದಲೇ ಆ ಸಾವುಗಳು ಖಚಿತವಾದುವಲ್ಲವೆ?

1998ರ ಮಾರ್ಚ್ 5ರಂದು, ಯುದ್ಧಾಪರಾಧವನ್ನಷ್ಟೇ ಒಪ್ಪಿಕೊಂಡ ಎರ್ದೆಮೊವಿಚ್‌ನ ಶಿಕ್ಷೆಯು ಐದು ವರ್ಷಗಳಿಗೆ ಇಳಿಯಿತು. ಅದೇ ಜುಲೈಯಲ್ಲಿ ರೋಮ್ ನಗರದಲ್ಲಿ ಅಂಗೀಕೃತವಾದ ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯದ ಶಾಸನವು ಪ್ರಾಣಬೆದರಿಕೆಯ ರಕ್ಷಣೆಯಿಂದ ಕೊಲೆಯನ್ನು ಹೊರಗಿಡಲಿಲ್ಲ. ತಪ್ಪಿಸಿಕೊಳ್ಳಬೇಕಾದ ಹಾನಿಗಿಂತ ಹೆಚ್ಚಿನ ಹಾನಿಯನ್ನು ಆರೋಪಿಯು ಉದ್ದೇಶಿಸಿರಬಾರದೆಂದು ಮಾತ್ರ ವಿಧಿಸಿತು.